ಮೊದಲಿನ ಕೈ, ಆಮೇಲಿನ ಕೈ

ಯಂತ್ರದಲ್ಲಿ ಕೆಂಪು ದೀಪ ಹತ್ತಿತು.

ಸಹಿಯಕ್ಕನಿಗೆ ಅದು ಹೊಸದಲ್ಲ. ಸೋಪಿನ ಕಾರ್ಖಾನೆಯ ಗೇಟಿನಲ್ಲಿ ಹೆಬ್ಬೆಟ್ಟು ಒತ್ತುವ ಆ ಯಂತ್ರ ಅವಳನ್ನು ಗುರುತಿಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಹತ್ತು ಬೆರಳಲ್ಲಿ ಒಂದನ್ನೂ ಅದು ಒಪ್ಪುತ್ತಿರಲಿಲ್ಲ. ಕಾವಲಿನವನೇ ದಿನಾ ಅವಳ ಹಾಜರಿ ಬರೆದುಕೊಳ್ಳುತ್ತಿದ್ದ. ಆದರೆ ಇವತ್ತು ಕೆಂಪು ಹತ್ತಿದ್ದು ಅವಳ ಹೆಬ್ಬೆಟ್ಟಿಗಲ್ಲ, ಮಗಳ ಹೆಬ್ಬೆಟ್ಟಿಗೆ.

"ಇನ್ನೊಂದ್ಸಲ ಒತ್ತು," ಎಂದ ಕಾವಲಿನವನು.

ಮಗಳು ಹೆಬ್ಬೆಟ್ಟನ್ನು ಮೂಗಿನ ಪಕ್ಕಕ್ಕೆ ಉಜ್ಜಿದಳು. ಶೆಡ್ಡಿನ ಹೆಂಗಸರೆಲ್ಲ ಮಾಡುವ ಉಪಾಯ ಅದು. ಮುಖದ ಜಿಡ್ಡು ತಾಗಿದರೆ ಸವೆದ ಗೆರೆ ಒಂದಿಷ್ಟು ಎದ್ದು ಕಾಣುತ್ತದೆ. ಕೆಲಸಕ್ಕೆ ಸೇರಿದ ದಿನ ಗೇಟಿನ ಮುಂದೆ ಸಾಲಾಗಿ ನಿಂತು ಮೂಗು ಉಜ್ಜಿಕೊಳ್ಳುವ ಹೆಂಗಸರನ್ನು ನೋಡಿ ಮಗಳು ನಕ್ಕಿದ್ದಳು. "ಇದೇನಮ್ಮ, ಎಲ್ಲರಿಗೂ ಒಟ್ಟಿಗೇ ನೆಗಡಿನಾ?" ಎಂದು ಕೇಳಿದ್ದಳು. ಈಗ ಅವಳೂ ಉಜ್ಜಿದಳು. ಒತ್ತಿದಳು. ಮತ್ತೆ ಕೆಂಪು.

ಸಹಿಯಕ್ಕ ಮಗಳ ಹತ್ತಿರಕ್ಕೆ ಸರಿದಳು.

ಮಗಳು ತೋರುಬೆರಳು ಇಟ್ಟಳು. ಹಸಿರು ಹತ್ತಿತು.

"ಯಾಕೆ ಹೆದರ್ತೀಯ?" ಎಂದ ಕಾವಲಿನವನು. "ಒಂದು ಹೋದ್ರೆ ಇನ್ನೂ ಒಂಬತ್ತಿವೆ."

ಅವನದು ಕೆಟ್ಟ ಮಾತಲ್ಲ, ಅವನಿಗೆ ತಿಳಿದ ಸಮಾಧಾನ ಅಷ್ಟೆ. ಮಗಳು ತಿರುಗಿ ಅಮ್ಮನ ಮುಖ ನೋಡಿದಳು. "ಇವತ್ತು ಸರಿಯಾಗಿ ಹೇಳಮ್ಮ," ಎಂದಳು. "ಅವರು ಹೇಳಿಕೊಟ್ಟ ಹಾಗೇ ಹೇಳಿಬಿಡು. ನನಗೆ ಉರಿ ತಡೆಯಕ್ಕಾಗ್ತಿಲ್ಲ."

ಅಷ್ಟು ಹೇಳಿ ಶೆಡ್ಡಿಗೆ ನಡೆದಳು. ಸಹಿಯಕ್ಕ ಗೇಟಿನ ಹೊರಗೇ ನಿಂತಳು. ಇವತ್ತು ಅವಳಿಗೆ ಶೆಡ್ಡಿನ ಕೆಲಸ ಇರಲಿಲ್ಲ. ಮ್ಯಾನೇಜರ್ ಸಾಹೇಬರ ಕಾರು ಬರುವುದಿತ್ತು. ಆ ಕಾರಿನಲ್ಲಿ ತನಿಖಾ ಕಚೇರಿಗೆ ಹೋಗಿ ಅವಳು ಒಂದು ಸುಳ್ಳು ಹೇಳಬೇಕಿತ್ತು.

ಸುಳ್ಳು ಕೈಯದು.

ಆ ಶೆಡ್ಡಿನ ಕೆಲಸವೆಲ್ಲ ಕೈಯದೇ. ಅಚ್ಚಿನಿಂದ ಹಸಿ ಸೋಪನ್ನು ಕಿತ್ತು, ಅಂಚು ಕೆರೆದು, ಬಾನಿಯ ನೀರಲ್ಲಿ ಅದ್ದಿ, ಮೈ ನಯವಾಗುವವರೆಗೆ ಅಂಗೈಯಿಂದ ತೀಡಬೇಕು. ಸೋಪು ಮಾಡಿದ ಮೇಲೆ ವಾರಗಟ್ಟಲೆ ಒಣಗಲು ಬಿಟ್ಟರೆ ಅದರ ಕ್ಷಾರ ಸಾಯುತ್ತದೆ. ಕಂಪನಿಗೆ ಅಷ್ಟು ತಾಳ್ಮೆ ಇಲ್ಲ. ಎದುರು ಕಂಪನಿಯ ಸೋಪು ಅಂಗಡಿಗೆ ಬರುವ ಮೊದಲು ತಮ್ಮದು ಬರಬೇಕು. ಹಾಗಾಗಿ ಕ್ಷಾರ ಸಾಯುವುದು ಹೆಂಗಸರ ಕೈಯಲ್ಲಿ. ಮೊದಲು ಚರ್ಮ ಬಿಳಿಚುತ್ತದೆ. ಆಮೇಲೆ ಉಗುರಿನ ಬುಡ ಬಿಡುತ್ತದೆ. ಆಮೇಲೆ ಸೀಳು. ಉಪ್ಪು ಮುಟ್ಟಿದರೆ ಜೀವ ಹೋದಂತಾಗುತ್ತದೆ. ಕೈಗವಸು ಇದೆ, ಇಲ್ಲ ಎನ್ನುವಂತಿಲ್ಲ. ಆಫೀಸಿನ ಗಾಜಿನ ಬೀರುವಿನಲ್ಲಿ ಇದೆ. ಹಾಕಿಕೊಂಡರೆ ಸೋಪು ಜಾರುತ್ತದೆ, ಗೀರು ಬೀಳುತ್ತದೆ ಎಂದು, ಹೊರಗಿನಿಂದ ಬಂದವರಿಗೆ ತೋರಿಸಲು ಮಾತ್ರ ಇಟ್ಟಿದ್ದಾರೆ.

ಇಂಥ ಕೈಯನ್ನೇ ಹೋದ ವರ್ಷ ಮ್ಯಾನೇಜರ್ ಹುಡುಕಿಕೊಂಡು ಬಂದ. ಜೊತೆಗೆ ಕ್ಯಾಮರಾದವನು. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಶಾಲೆಯ ಮಕ್ಕಳಿಗೆ ಉಗುರು ಪರೀಕ್ಷೆ ಮಾಡುವಂತೆ ಕೈ ಚಾಚಿಸಿದ. "ಇದು ಸಾಲದು. ಇದೂ ಸಾಲದು. ಇನ್ನೂ ಕೆಟ್ಟದ್ದು ಬೇಕು," ಎಂದು ದಾಟುತ್ತಾ ಬಂದವನು ಸಹಿಯಕ್ಕನ ಮುಂದೆ ನಿಂತ. "ಆಹಾ," ಎಂದ. ಅವಳ ಕೈ ನೋಡಿ ಗಂಡಸೊಬ್ಬ ಆಹಾ ಎಂದದ್ದು ಅದೇ ಮೊದಲು.

ಅವಳ ಪಕ್ಕದಲ್ಲಿ ಮಗಳು ನಿಂತಿದ್ದಳು. ಅವತ್ತೇ ಕೆಲಸಕ್ಕೆ ಸೇರಿದವಳು, ಇನ್ನೂ ಸೋಪು ಮುಟ್ಟದವಳು. ಮ್ಯಾನೇಜರನ ಕಣ್ಣು ಅತ್ತ ಹರಿಯಿತು. ಇಬ್ಬರ ಕಿರುಬೆರಳೂ ಒಂದೇ ರೀತಿ ಒಳಕ್ಕೆ ಬಾಗಿದ್ದವು. ಹುಟ್ಟಿನಿಂದ ಬಂದದ್ದು, ಅಮ್ಮನದೇ ಅಚ್ಚು.

ಒಂದೇ ಮೇಜಿನ ಮೇಲೆ, ಒಂದೇ ಬಟ್ಟೆಯ ಮೇಲೆ, ಮೊದಲು ಅಮ್ಮನ ಕೈ, ಆಮೇಲೆ ಮಗಳ ಕೈ. ಇಬ್ಬರಿಗೂ ಒಂದೊಂದು ತಂಪು ಪಾನೀಯ ಕೊಟ್ಟರು. ತಿಂಗಳಾಗುವುದರೊಳಗೆ ದೊಡ್ಡ ರಸ್ತೆಯ ತಿರುವಿನಲ್ಲಿ ಫಲಕ ಎದ್ದಿತು. ಬಸ್ಸಿನಷ್ಟು ದೊಡ್ಡ ಎರಡು ಕೈ. ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ಆಮೇಲೆ'. ಮೇಲೆ: 'ನಾಲ್ಕೇ ವಾರ! ನಿಮ್ಮ ಕೈ ನಿಮಗೇ ಗುರುತು ಸಿಗದು!'

ಮರೆಮಾಚುವುದು ಯಾಕೆ, ಅವತ್ತು ಸಹಿಯಕ್ಕನಿಗೆ ಹೆಮ್ಮೆಯೇ ಆಯಿತು. ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ ತೋರಿಸಿದಳು. "ನಮ್ಮ ಸಹಿಯಕ್ಕನ ಕೈ ಆಕಾಶಕ್ಕೆ ಹತ್ತಿತಪ್ಪ," ಎಂದು ಅವರೂ ನಕ್ಕರು. ಹಸಿದವರ ಕೈಯನ್ನು ಯಾರಾದರೂ ದೊಡ್ಡದಾಗಿ ಬರೆದರೆ, ಯಾಕೆ ಬರೆದರು ಎಂದು ಕೇಳಲು ಹೊಳೆಯುವುದಿಲ್ಲ.

ಸಹಿಯಕ್ಕ ಎಂಬುದು ಶೆಡ್ಡಿನವರು ಇಟ್ಟ ಹೆಸರು. ಸಂಬಳದ ದಿನ ಉಳಿದವರೆಲ್ಲ ಹೆಬ್ಬೆಟ್ಟು ಒತ್ತಿದರೆ ಇವಳೊಬ್ಬಳು ಸಹಿ ಹಾಕುತ್ತಿದ್ದಳು. ಹಿಂದೆ ಯಾವುದೋ ಕಚೇರಿಯ ಕಿಟಕಿಯಲ್ಲಿ ಒಬ್ಬ ಗುಮಾಸ್ತ ಅವಳ ಸೀರೆ ನೋಡಿ, ಕೇಳದೆಯೇ ಮಸಿಯ ಡಬ್ಬಿ ತಳ್ಳಿದ್ದ. "ನೀನು ಹೆಬ್ಬೆಟ್ಟೇ ತಾನೆ?" ಎಂದಿದ್ದ. ಹಿಂದೆ ನಿಂತವರು ನಕ್ಕಿದ್ದರು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳ ಸ್ಲೇಟು ಕಿತ್ತುಕೊಂಡು ಅವಳು ಹೆಸರು ತಿದ್ದಿದಳು. ಕೊನೆಯ ಅಕ್ಷರಕ್ಕೆ ಒಂದು ಬಾಲ ಎಳೆಯುವುದನ್ನು ತಾನೇ ಕಂಡುಹಿಡಿದಳು. ಆಮೇಲೆ ಎಲ್ಲಿಯೂ ಹೆಬ್ಬೆಟ್ಟು ಒತ್ತಿರಲಿಲ್ಲ, ಗೇಟಿನ ಯಂತ್ರ ಒಂದನ್ನು ಬಿಟ್ಟು.

ಕಾರು ಬಂತು.

ಮುಂದೆ ಮ್ಯಾನೇಜರ್, ಹಿಂದೆ ಕಂಪನಿಯ ವಕೀಲ. ಅವಳು ವಕೀಲನ ಪಕ್ಕದಲ್ಲಿ, ಬಾಗಿಲಿಗೆ ಅಂಟಿಕೊಂಡು ಕುಳಿತಳು. ಸೀಟಿಗೆ ಕೈ ತಾಗದಂತೆ ಮಡಿಲಲ್ಲಿ ಇಟ್ಟುಕೊಂಡಳು. ಒಡೆದ ಕಡೆ ರಸಿಗೆ ಇತ್ತು.

"ಇನ್ನೊಂದ್ಸಲ ಹೇಳಿ ನೋಡೋಣ," ಎಂದ ವಕೀಲ. "ಫೋಟೋದಲ್ಲಿರೋ ಕೈ ಯಾರದು?"

"ನಂದು."

"ಎರಡೂ?"

"ಎರಡೂ ನಂದೇ."

"ಹಂಗಾದ್ರೆ ಈಗ ಯಾಕೆ ಹಿಂಗಾಗಿದೆ ಕೈ?"

ಇಲ್ಲಿ ಅವಳಿಗೆ ಪ್ರತಿ ಸಲವೂ ನಾಲಿಗೆ ತಡವರಿಸುತ್ತಿತ್ತು. "ಆಮೇಲೆ... ಆಮೇಲೆ ನಾನು ಎದುರು ಕಂಪನಿ ಸೋಪು ತಗೊಂಡೆ. ಅದು ಹಾಕಿ ಕೈ ಮತ್ತೆ ಕೆಟ್ಟಿತು."

"ಶಭಾಷ್," ಎಂದ ಮ್ಯಾನೇಜರ್, ತಿರುಗದೆಯೇ.

ದೂರು ಕೊಟ್ಟದ್ದು ಎದುರು ಕಂಪನಿ. ಸುಳ್ಳು ಜಾಹೀರಾತು ಹಾಕಿ ನಮ್ಮ ಗಿರಾಕಿಗಳನ್ನು ಕಿತ್ತುಕೊಂಡಿದ್ದಾರೆ, ಇದು ನ್ಯಾಯದ ಪೈಪೋಟಿಯಲ್ಲ ಎಂದು. ತನಿಖಾಧಿಕಾರಿ ಕೈಯ ಒಡತಿಯನ್ನು ಹಾಜರುಪಡಿಸಿ ಎಂದಿದ್ದರು. ಅವತ್ತು ಮ್ಯಾನೇಜರ್ ಅವಳನ್ನು ಆಫೀಸಿಗೆ ಕರೆಸಿ, "ಕೂತ್ಕೊಳ್ಳಿ ಅಮ್ಮ," ಎಂದ. ಅಲ್ಲಿಯವರೆಗೆ 'ಏಯ್' ಆಗಿದ್ದವಳು ಒಂದೇ ಬೆಳಿಗ್ಗೆ ಅಮ್ಮ ಆದಳು. ಕೂರಲು ಹೆದರಿಕೆಯಾಯಿತು. ಮಗಳನ್ನು ಬಾನಿಯಿಂದ ಬಿಡಿಸಿ ಲೇಬಲ್ ರೂಮಿಗೆ ಹಾಕುತ್ತೇನೆ ಎಂದ. ಲೇಬಲ್ ರೂಮು ಎಂದರೆ ಒಣ ಕೆಲಸ. ಬರೀ ಕಾಗದ. ಅಲ್ಲಿ ಕೈ ವಾಸಿಯಾಗುತ್ತದೆ. ಇಷ್ಟು ಹೇಳಿ ಏಳುವಾಗ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, "ನೀವಿರೋ ರೂಮೂ ಕಂಪನಿದೇ ಅಲ್ವಾ ಅಮ್ಮ?" ಎಂದು ಕೇಳಿದ. ಉತ್ತರಕ್ಕೆ ಕಾಯಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ, ಎರಡು ಕಂಪನಿ. ಸಹಿಯಕ್ಕ ದಿನವೂ ಮಗಳ ಕೈಗೆ ಎಣ್ಣೆ ಸವರುತ್ತಾ ಯೋಚಿಸಿದಳು. ಒಂದು ಸುಳ್ಳು. ಯಾರ ಮನೆ ಮುಳುಗುತ್ತದೆ? ಮಗಳ ಕೈ ಉಳಿಯುತ್ತದೆ. ಹೇಳಿಬಿಡುವುದೇ ಸರಿ ಎಂದುಕೊಂಡಳು. ಇವತ್ತು ಬೆಳಿಗ್ಗೆ ಕೆಂಪು ದೀಪ ಕಂಡ ಮೇಲಂತೂ ಮನಸ್ಸು ಗಟ್ಟಿಯಾಗಿತ್ತು.

ತನಿಖಾ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು. ಉದ್ದನೆಯ ಪಡಸಾಲೆ, ಗೋಡೆಗೆ ಒರಗಿದ ಬೆಂಚು, ಫಿನೈಲು ವಾಸನೆ. ಒಳಗಿನಿಂದ ಕರೆ ಬರುವವರೆಗೆ ಕಾಯಬೇಕಿತ್ತು. ಬೆಂಚಿನ ತುದಿಯಲ್ಲಿ ಅವಳು ಕುಳಿತಳು. ನೀರು ಕೇಳಬೇಕೆನಿಸಿತು, ಕೇಳಲಿಲ್ಲ. ಮ್ಯಾನೇಜರ್ ಮತ್ತು ವಕೀಲ ಅವಳ ಎದುರೇ ನಿಂತು ಮಾತಾಡುತ್ತಿದ್ದರು, ಬೆಂಚಿನ ಮೇಲೆ ಯಾರೂ ಇಲ್ಲವೆಂಬಂತೆ.

"ಈ ತಲೆನೋವು ಒಂದು ಮುಗಿದ್ರೆ ಸಾಕು," ಎಂದ ಮ್ಯಾನೇಜರ್. "ಮುಂದಿನ ಜಾಹೀರಾತು ಶುರು ಮಾಡ್ಬೇಕು."

"ಮತ್ತೆ ಕೈಯೇನಾ?"

"ಕೈ ಓಡ್ತಿದೆ, ಯಾಕೆ ಬಿಡೋದು? ಮೊದಲಿನ ಕೈ ರೆಡಿ ಇದೆ. ಇವಳ ಮಗಳದ್ದೇ. ವರ್ಷದಲ್ಲಿ ಚೆನ್ನಾಗಿ ಕೆಟ್ಟಿದೆ. ಆಮೇಲಿನದಕ್ಕೆ ಹೊಸ ಹುಡುಗಿ ಯಾವಳಾದ್ರೂ ಸಿಗ್ತಾಳೆ."

"ಅವಳನ್ನ ಲೇಬಲ್ ರೂಮಿಗೆ ಹಾಕ್ತೀನಿ ಅಂದಿದ್ರಲ್ಲ?"

"ಹಾಕೋಣ, ಹಾಕೋಣ. ಫೋಟೋ ಆಗಲಿ. ಈಗಲೇ ಹಾಕಿ ಕೈ ವಾಸಿಯಾಗಿಬಿಟ್ರೆ?"

ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ. ಮನೆಗೆ ತರಕಾರಿ ಕೊಳ್ಳುವಾಗ ನಗುವಂಥ ನಗು.

ಸಹಿಯಕ್ಕ ಮಡಿಲಲ್ಲಿದ್ದ ತನ್ನ ಕೈ ನೋಡಿದಳು. ಮೊದಲು ಭಯವಾಯಿತು. ಸಿಟ್ಟು ಬರಬೇಕಿತ್ತು, ಆದರೆ ಬಂದದ್ದು ಭಯವೇ. ನಿಜ ಹೇಳಿದರೆ ರೂಮು ಹೋಗುತ್ತದೆ, ಕೆಲಸ ಹೋಗುತ್ತದೆ, ಇಬ್ಬರದೂ. ಹೇಳದಿದ್ದರೆ ಮಗಳ ಕೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಎದ್ದು ಮೆಟ್ಟಿಲಿಳಿದು ಓಡಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತೆರೆದು ಜವಾನ ಕರೆದ.

ಒಳಗೆ ದೊಡ್ಡ ಮೇಜು, ಅದರ ಮೇಲೆ ಬಿಳಿ ಹಾಳೆಗಳು, ಒಂದು ಮಸಿಯ ಡಬ್ಬಿ. ಮೇಜಿನ ಆಚೆ ತನಿಖಾಧಿಕಾರಿ. ಹೆಂಗಸು, ಕನ್ನಡಕ, ಆಯಾಸದ ಮುಖ. ಒಂದು ಕಡೆ ಎದುರು ಕಂಪನಿಯ ವಕೀಲ, ಇನ್ನೊಂದು ಕಡೆ ಇವರು. ಗೋಡೆಗೆ ಆನಿಸಿ ಆ ಜಾಹೀರಾತಿನ ಚಿತ್ರ ನಿಲ್ಲಿಸಿದ್ದರು. ತನ್ನ ಕೈ, ಮಗಳ ಕೈ.

"ನಿಂತ್ಕೊಂಡೇ ಇದ್ದೀರಲ್ಲ, ಕೂತ್ಕೊಳ್ಳಿ," ಎಂದರು ಅಧಿಕಾರಿ. "ನೀವು ಹೇಳೋದನ್ನ ಬರೆದು ತಂದಿದ್ದಾರೆ. ಓದ್ತೀನಿ. ಸರಿ ಇದ್ರೆ ಸಹಿ ಹಾಕಿ. ಸುಳ್ಳು ಹೇಳಿದ್ರೆ ಶಿಕ್ಷೆ ಆಗುತ್ತೆ, ಗೊತ್ತು ತಾನೆ?"

ಶಿಕ್ಷೆ ಎಂಬ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮ್ಯಾನೇಜರ್ ಕೆಮ್ಮಿದ.

ಅಧಿಕಾರಿ ಓದಿದರು. ಎರಡೂ ಕೈ ನನ್ನವೇ. ನಾಲ್ಕು ವಾರದಲ್ಲಿ ಹೀಗಾದವು. ಆಮೇಲೆ ಎದುರು ಕಂಪನಿಯ ಸೋಪು ಬಳಸಿ ಕೆಟ್ಟವು. ನಾನು ಸ್ವಂತ ಇಷ್ಟದಿಂದ ಹೇಳುತ್ತಿದ್ದೇನೆ. ಓದುತ್ತಿದ್ದಂತೆ ಎದುರು ವಕೀಲನ ಹುಬ್ಬು ಮೇಲೇರಿತು. ಓದಿ ಮುಗಿಸಿ ಕಾಗದವನ್ನು ಅವಳ ಮುಂದೆ ಸರಿಸಿದರು.

"ಸಹಿ ಬರುತ್ತಾ?"

"ಬರುತ್ತೆ ಮೇಡಂ," ಎಂದ ಮ್ಯಾನೇಜರ್. "ಬಾಲ ಎಳೆದು ಅಂದವಾಗಿ ಹಾಕ್ತಾಳೆ." ತನ್ನ ಪೆನ್ನು ತೆಗೆದು ಕೊಟ್ಟ.

ಪೆನ್ನು ತಣ್ಣಗಿತ್ತು. ಹೆಸರಿನ ಮೊದಲ ಅಕ್ಷರಕ್ಕೆ ಮೊನೆ ಇಟ್ಟಳು. ಗೋಡೆಯ ಮೇಲಿನ ಮಗಳ ಕೈ ಕಂಡಿತು. ಬೆಳಗಿನ ಕೆಂಪು ದೀಪ ಕಂಡಿತು. ಪೆನ್ನು ಕೆಳಗಿಟ್ಟಳು.

"ಬರುತ್ತೆ. ಹಾಕಲ್ಲ," ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಆ ಮಸಿ ಡಬ್ಬಿ ಕೊಡಿ ಮೇಡಂ."

"ಏಯ್," ಎಂದ ಮ್ಯಾನೇಜರ್. 'ಅಮ್ಮ' ಎನ್ನುವುದು ಮುಗಿದಿತ್ತು.

ಅಧಿಕಾರಿ ಅವನತ್ತ ನೋಡಿ, ಇವಳತ್ತ ನೋಡಿ, ಮಸಿ ಡಬ್ಬಿ ತಳ್ಳಿದರು. ಅವಳು ಹೇಳಿಕೆಯ ಕಾಗದ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಬಿಳಿ ಹಾಳೆ ಎಳೆದುಕೊಂಡಳು. ಯಾವ ಹೆಬ್ಬೆಟ್ಟನ್ನು ಜನ್ಮದಲ್ಲಿ ಇನ್ನು ಕಾಗದಕ್ಕೆ ಒತ್ತುವುದಿಲ್ಲ ಎಂದು ಪಣ ತೊಟ್ಟಿದ್ದಳೋ ಅದನ್ನು ಮಸಿಗೆ ಅದ್ದಿ ಹಾಳೆಗೆ ಒತ್ತಿದಳು.

ಕಪ್ಪು ಮಚ್ಚೆ ಮೂಡಿತು. ಬರೀ ಕಪ್ಪು.

"ಮಸಿ ಜಾಸ್ತಿಯಾಯ್ತು. ಒರೆಸಿ ಒತ್ತಿ," ಎಂದರು ಅಧಿಕಾರಿ.

ಒರೆಸಿ ಒತ್ತಿದಳು. ಮಚ್ಚೆ ತೆಳುವಾಯಿತು. ಗೆರೆ ಬರಲಿಲ್ಲ. ತೋರುಬೆರಳು ಒತ್ತಿದಳು. ನಡುಬೆರಳು. ಉಂಗುರದ ಬೆರಳು. ಬಾಗಿದ ಕಿರುಬೆರಳು. ಇನ್ನೊಂದು ಕೈ. ಸೀಳಿನೊಳಗೆ ಮಸಿ ಇಳಿದು ಬೆಂಕಿಯಂತೆ ಉರಿಯಿತು. ಬಿಡದೆ ಒತ್ತಿದಳು. ಹಾಳೆಯ ಮೇಲೆ ಕಪ್ಪು ಮಚ್ಚೆಗಳ ಸಾಲು ಬಿದ್ದಿತು. ಯಾವುದರಲ್ಲೂ ಮನುಷ್ಯರ ಗುರುತು ಇರಲಿಲ್ಲ.

ಅಧಿಕಾರಿ ಹಾಳೆಯ ಮೇಲೆ ಬಾಗಿ ನೋಡಿದರು.

"ಇದು ಅವರ ಸೋಪು ಮಾಡಿದ್ದು," ಎಂದಳು ಸಹಿಯಕ್ಕ. ಈಗ ಅವಳಿಗೆ ಅಳು ಬರುತ್ತಿತ್ತು, ಆದರೆ ಮಾತು ನಿಲ್ಲಲಿಲ್ಲ. "ನಾನು ಬೇರೆ ಸೋಪು ಕೊಂಡೋಳೇ ಅಲ್ಲ. ಕೊಳ್ಳೋಕೆ ನನಗೆ ದುಡ್ಡೆಲ್ಲಿಂದ ಬರ್ಬೇಕು? ಆ ಮೊದಲಿನ ಕೈ ನಂದು. ಆಮೇಲಿನದು ನನ್ನ ಮಗಳದ್ದು. ಈಗ ಹೋಗಿ ನೋಡಿ, ಅವಳ ಕೈ ನನ್ನ ಕೈ ಆಗಿದೆ. ಫೋಟೋ ಎರಡೂ ನಿಜ ಮೇಡಂ. ಹಿಂದುಮುಂದಾಗಿ ಇಟ್ಟಿದ್ದಾರೆ. ಮೊದಲು ಅವಳ ಕೈ. ಆಮೇಲೆ ನಂದು."

"ಇವಳಿಗೆ ತಲೆ ಸರಿ ಇಲ್ಲ ಮೇಡಂ," ಎಂದು ಮ್ಯಾನೇಜರ್ ಎದ್ದು ನಿಂತ.

ಎದುರು ಕಂಪನಿಯ ವಕೀಲ ಮುಖವೆಲ್ಲ ಬಾಯಾಗಿ ನಗುತ್ತಿದ್ದ. "ಬರೆದುಕೊಳ್ಳಿ ಮೇಡಂ, ಪ್ರತಿಯೊಂದು ಮಾತೂ ಬರೆದುಕೊಳ್ಳಿ! ಧೈರ್ಯವಂತೆ ನೀವು ಅಮ್ಮ. ನಮ್ಮ ಕಂಪನಿ ಪರವಾಗಿ..."

ಇವನೂ 'ಅಮ್ಮ' ಎಂದ. ಆಗ ಬಂತು ನೋಡಿ, ಅಲ್ಲಿಯವರೆಗೆ ಬಾರದ ಸಿಟ್ಟು.

"ನಿಮ್ಮ ಶೆಡ್ಡಿನ ಹೆಂಗಸರನ್ನೂ ಕರೆಸಿ ಸಾರ್," ಎಂದಳು. "ಈ ಹಾಳೇಲಿ ಇನ್ನೂ ಜಾಗ ಇದೆ. ಅವರ ಹೆಬ್ಬೆಟ್ಟೂ ಒತ್ತಿಸಿ."

ಅವನ ನಗು ಅರ್ಧಕ್ಕೇ ನಿಂತಿತು. ಫೈಲಿನಲ್ಲಿ ಏನೋ ಹುಡುಕತೊಡಗಿದ.

ಅಧಿಕಾರಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ದನಿ ತಗ್ಗಿಸಿ ಹೇಳಿದರು. "ನೋಡಿ ಅಮ್ಮ. ಜಾಹೀರಾತು ಸುಳ್ಳು ಅನ್ನೋದಕ್ಕೆ ನಿಮ್ಮ ಮಾತು ಸಾಕು. ಅದನ್ನ ತೆಗೆಸ್ತೀವಿ, ದಂಡ ಹಾಕ್ತೀವಿ. ಆದ್ರೆ ನಾವು ನೋಡೋದು ಕೊಳ್ಳೋರಿಗೆ ಮೋಸ ಆಯ್ತಾ, ಎದುರು ವ್ಯಾಪಾರದೋರಿಗೆ ಅನ್ಯಾಯ ಆಯ್ತಾ ಅಂತ. ಕೆಲಸದೋರ ಕೈ ವಿಚಾರ ನಮ್ಮದಲ್ಲ. ಅದು ಬೇರೆ ಇಲಾಖೆ."

ಸಹಿಯಕ್ಕ ಗೋಡೆಯ ಕಡೆ ಬೆರಳು ತೋರಿಸಿದಳು. ಬೆರಳಿನಿಂದ ಮಸಿ ತೊಟ್ಟಿಕ್ಕಿತು.

"ಕೈ ಫೋಟೋ ನೋಡೋಕೆ ಒಂದು ಇಲಾಖೆ, ಕೈ ನೋಡೋಕೆ ಬೇರೆ ಇಲಾಖೆನಾ ಮೇಡಂ?"

ಕೆಟ್ಟವರಲ್ಲ ಆ ಅಧಿಕಾರಿ. ಹಾಳೆಯನ್ನು ಜೋಪಾನವಾಗಿ ಎತ್ತಿ ಒಣಗಲು ಫ್ಯಾನಿನ ಕೆಳಗೆ ಇಟ್ಟರು. "ಇದನ್ನ ನಾನು ಕಡತಕ್ಕೆ ಸೇರಿಸ್ತೀನಿ," ಎಂದಷ್ಟೇ ಹೇಳಿದರು.

ಹೊರಗೆ ಬಂದಾಗ ಕಾರು ಹೋಗಿತ್ತು.

ನಡೆದಳು. ದಾರಿಯುದ್ದಕ್ಕೂ ಹೆದರಿಕೆ ಅವಳ ಜೊತೆಗೇ ಬಂತು. ಎಂಥ ಕೆಲಸ ಮಾಡಿದೆ, ಎಂಥ ಕೆಲಸ ಮಾಡಿದೆ ಎಂದು ಹೆಜ್ಜೆಗೊಮ್ಮೆ ಕೇಳಿತು. ಹಿಂದೆ ಗಾಡಿ ಸದ್ದಾದರೆ ಬೆಚ್ಚಿ ಗೋಡೆಗೆ ಸರಿದಳು. ದೊಡ್ಡ ರಸ್ತೆಯ ತಿರುವಿನಲ್ಲಿ ಫಲಕ ಇನ್ನೂ ನಿಂತಿತ್ತು. ತಲೆ ಎತ್ತದೆ ಅದರ ನೆರಳು ದಾಟಿದಳು. ಬೀದಿ ನಲ್ಲಿಯಲ್ಲಿ ಕೈ ತೊಳೆದಳು. ಮಸಿ ಹೋಗಲಿಲ್ಲ, ಸೀಳುಗಳಲ್ಲಿ ಕೂತುಬಿಟ್ಟಿತ್ತು.

ಕಂಪನಿಯ ಸಾಲುಮನೆಗಳ ಹತ್ತಿರ ಬರುವ ಮೊದಲೇ ದೂರದಿಂದ ಕಂಡಿತು. ಅವಳ ರೂಮಿಗೆ ಹೊಸ ಬೀಗ ಬಿದ್ದಿತ್ತು. ಪಾತ್ರೆ, ಚಾಪೆ, ಟ್ರಂಕು ಅಂಗಳದಲ್ಲಿದ್ದವು. ಎಣ್ಣೆಯ ಬಾಟಲಿ ಉರುಳಿ ಮಣ್ಣು ನೆನೆದಿತ್ತು. ಟ್ರಂಕಿನ ಮೇಲೆ ಮಗಳು ಕುಳಿತಿದ್ದಳು. ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ. ಯಾರೂ ಒಳಗೂ ಹೋಗಲಿಲ್ಲ.

"ಹೇಳಿಬಿಟ್ಟೆಯಾ?" ಎಂದಳು ಮಗಳು.

"ಹೇಳಿದೆ."

"ಅವರು ಹೇಳಿಕೊಟ್ಟ ಹಾಗೆ ಅಲ್ಲ."

"ಅಲ್ಲ."

ಮಗಳು ಮುಖ ತಿರುಗಿಸಿದಳು. "ಲೇಬಲ್ ರೂಮು ಕೊಡ್ತಿದ್ರು ಅಮ್ಮ," ಎಂದಳು. "ಕೊಡ್ತಿದ್ರು."

"ಕೊಡ್ತಿರಲಿಲ್ಲ ಮಗಳೇ. ಮುಂದಿನ ಫೋಟೋದಲ್ಲಿ ಮೊದಲಿನ ಕೈ ನಿಂದಂತೆ. ಅಲ್ಲಿವರೆಗೂ ನಿನ್ನ ಕೈ ವಾಸಿಯಾಗಬಾರದಂತೆ. ನನ್ನ ಕಿವಿಯಾರೆ ಕೇಳಿದೆ."

ಮಗಳು ತನ್ನ ಎರಡೂ ಕೈಯನ್ನು, ಯಾರಿಂದಲೋ ಬಚ್ಚಿಡುವಂತೆ, ಕಂಕುಳಿಗೆ ಸಿಕ್ಕಿಸಿಕೊಂಡಳು.

ಸಹಿಯಕ್ಕ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅವಳ ಬಲಗೈಯನ್ನು ಮೆಲ್ಲಗೆ ಬಿಡಿಸಿ ತೆಗೆದಳು. ಬೆಳಿಗ್ಗೆ ಯಂತ್ರ ಒಪ್ಪದ ಆ ಹೆಬ್ಬೆಟ್ಟನ್ನು ಸಂಜೆಯ ಬೆಳಕಿಗೆ ಹಿಡಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಬಿಳಿಚಿದ ಚರ್ಮ. ಸೀಳು. ಇನ್ನೊಂದು ಸೀಳು. ಕಣ್ಣು ಕಿರಿದು ಮಾಡಿ ಹುಡುಕಿದಳು. ಇಡೀ ದಿನದಲ್ಲಿ ಅಷ್ಟು ಹೆದರಿಕೆ ಅವಳಿಗೆ ಇನ್ಯಾವಾಗಲೂ ಆಗಿರಲಿಲ್ಲ.

ಅಂಚಿನಲ್ಲಿ, ಉಗುರಿನ ಪಕ್ಕದಲ್ಲಿ, ನೂಲಿನಂಥ ಎರಡು ಗೆರೆ ಇನ್ನೂ ಉಳಿದಿದ್ದವು.

"ಇವೆ," ಎಂದಳು. ಅವಳ ಮಸಿ ಬೆರಳು ಮಗಳ ಕೈಗೂ ಮಸಿ ಹತ್ತಿಸಿತ್ತು. "ಇನ್ನೂ ಇವೆ. ಏಳು, ಟ್ರಂಕಿನ ಆ ಕಡೆ ಹಿಡಿ."